ಅತ್ತಿಯ ಕಣ್ಣಿಗೊಂದು ಕ್ಯಾಮೆರಾ

ನಮ್ಮ ಮನೆಯ ಕಪಾಟಿನ ಕೆಳಗಿನ ಖಾನೆಯಲ್ಲಿ ಒಂದು ಕ್ಯಾಮೆರಾ ಇದೆ. ಸೋಪಿನ ಡಬ್ಬಿಯಷ್ಟು ದೊಡ್ಡದು, ಬೆಳ್ಳಿ ಬಣ್ಣದ್ದು. ಈಗ ಅಂಚಿನಲ್ಲೆಲ್ಲ ಬಣ್ಣ ಹೋಗಿ ಒಳಗಿನ ಕರಿ ಪ್ಲಾಸ್ಟಿಕ್ ಕಾಣುತ್ತದೆ. ಬ್ಯಾಟರಿ ಹಾಕುವ ಬಾಗಿಲು ಮುರಿದು ಎಷ್ಟೋ ವರ್ಷವಾಯಿತು, ಜಡೆಗೆ ಹಾಕುವ ರಬ್ಬರ್ ಬ್ಯಾಂಡೇ ಅದಕ್ಕೆ ಚಿಲಕ. ಪ್ರತಿ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ನನ್ನ ಮಗಳು ಅದನ್ನು ಸತ್ತ ಜಿರಲೆಯಂತೆ ಎರಡು ಬೆರಳಲ್ಲಿ ಎತ್ತಿ ಹಿಡಿದು, "ಮಮ್ಮಿ, ಇದನ್ನ ಈ ವರ್ಷರ ಒಗೀಲೇನ?" ಎಂದು ಕೇಳುತ್ತಾಳೆ. ಬೇಡ ಎನ್ನುತ್ತೇನೆ. "ಎದಕ್ಕ ಬೇಕಿದು? ನನ್ನ ಫೋನಿನ್ಯಾಗ ಇದಕ್ಕಿಂತ ಛಲೋ ಕ್ಯಾಮೆರಾ ಐತಿ" ಎನ್ನುತ್ತಾಳೆ. ಇರಲಿ ತಾಯಿ, ಸಂತೋಷ. ನಿನ್ನ ಫೋನು ನಿನಗೆ, ನನ್ನ ಡಬ್ಬಿ ನನಗೆ.

ನಾನು ಎಸೆಯುವುದಿಲ್ಲ. ಕೆಲಸ ನಿಲ್ಲಿಸಿದ್ದನ್ನೆಲ್ಲ ಎಸೆಯಬೇಕೆಂಬ ಕಾಯಿದೆ ಬಂದರೆ ಪಿಂಚಣಿ ತೆಗೆದುಕೊಂಡು ಮನೆಯಲ್ಲಿ ಕೂತಿರುವ ನಮ್ಮ ಯಜಮಾನರೂ ನಾನೂ ಮೊದಲು ಹೊರಗೆ ಬೀಳಬೇಕಾಗುತ್ತದೆ. ಅದೂ ಅಲ್ಲದೆ, ಕ್ಯಾಮೆರಾ ಆರಿಸುವ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳುವುದು ಬೇಕಿಲ್ಲ. ಎರಡು ಸಾವಿರದ ಆಸುಪಾಸಿನ ಆ ವರ್ಷಗಳಲ್ಲಿ ಡಿಜಿಟಲ್ ಕ್ಯಾಮೆರಾ ಎಂಬುದು ಬೆಳಗಾವಿಗೆ ಹೊಸದಾಗಿ ಬಂದಾಗ, ಇಡೀ ಊರು ಒಂದು ಕಡೆ ನಿಂತು ನನಗೆ ಬುದ್ಧಿ ಹೇಳಿತ್ತು. ಕೇಳಿಸಿಕೊಂಡೆ, ಕೇಳಲಿಲ್ಲ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಅನ್ನುತ್ತಾರಲ್ಲ, ಆ ಪೋರ ನಾನೇ.

ನಾನು ಅದನ್ನು ಕೊಂಡದ್ದು ಹಬ್ಬಕ್ಕಲ್ಲ, ಗೋವಾ ಪ್ರವಾಸಕ್ಕಲ್ಲ. ನಮ್ಮ ಬಾಳವ್ವ ಅತ್ತಿಯ ಕಣ್ಣಿಗಾಗಿ. ಅದು ತಿಳಿಯಬೇಕಾದರೆ ನೀವು ನನ್ನ ಜೊತೆ ಒಂದು ಗಳಿಗೆ ಪಾರಿಶ್ವಾಡಕ್ಕೆ ಬರಬೇಕು.

ಪಾರಿಶ್ವಾಡದಲ್ಲಿ ನನ್ನ ತವರುಮನೆ. ಪಡಸಾಲೆಯ ಗೋಡೆಯ ಮೇಲೆ ಹಿರಿಯರ ಫೋಟೋಗಳ ಸಾಲು. ಅಜ್ಜ, ಆಯಿ, ದೊಡ್ಡಜ್ಜ, ಸಣ್ಣ ವಯಸ್ಸಿಗೆ ಹೋದ ಚಿಗವ್ವ. ಎಲ್ಲರ ಹಣೆಯ ತುಂಬ ವಿಭೂತಿ, ಕೊರಳಲ್ಲಿ ಹೂವಿನ ಹಾರ. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಬದುಕಿದ್ದಾಗ ಹೊಲ, ದನ, ಹಸಿಮೇವು ಎಂದು ಓಡಾಡಿದವರಿಗೆ ಫೋಟೋ ತೆಗೆಸಿಕೊಳ್ಳಲು ಪುರುಸೊತ್ತು ಎಲ್ಲಿರುತ್ತಿತ್ತು? ಅವರು ಒಂದು ಕಡೆ ಸುಮ್ಮನೆ ಕೂರುತ್ತಿದ್ದುದೇ ಆ ದಿನ. ಆಗ ಖಾನಾಪುರದಿಂದ ಫೋಟೋದವರನ್ನು ಕರೆಸಿ ತೆಗೆಸುತ್ತಿದ್ದರು. ಆಮೇಲೆ ಸ್ಟುಡಿಯೋದಲ್ಲಿ ಎದೆಮಟ್ಟದ ಚಿತ್ರವನ್ನು ದೊಡ್ಡದು ಮಾಡಿ, ಮುಚ್ಚಿದ ರೆಪ್ಪೆಯ ಮೇಲೆ ಸಣ್ಣ ಕುಂಚದಿಂದ ತೆರೆದ ಕಣ್ಣು ಬರೆದು, ಕಟ್ಟು ಹಾಕಿ ಕೊಡುತ್ತಿದ್ದರು. ಕಣ್ಣು ಮುಚ್ಚಿದವರನ್ನು ಗೋಡೆಗೆ ಹಾಕಲು ಯಾರಿಗೆ ತಾನೇ ಮನಸ್ಸು ಬರುತ್ತದೆ?

ಆದರೆ ಆ ಸ್ಟುಡಿಯೋದಲ್ಲಿ ಕಣ್ಣು ಬರೆಯುವವನಿಗೆ ಬರುತ್ತಿದ್ದುದು ಒಂದೇ ಜೋಡಿ ಕಣ್ಣು. ಕಪ್ಪಗೆ, ಗುಂಡಗೆ, ಅಂಚಿಗೆ ಕಾಡಿಗೆ ತೀಡಿದಂಥ ಕಣ್ಣು. ಅಜ್ಜನಿಗೂ ಅದೇ, ಆಯಿಗೂ ಅದೇ, ಇಪ್ಪತ್ತು ದಾಟದ ಚಿಗವ್ವನಿಗೂ ಅದೇ. ಸತ್ತ ಮೇಲೆ ದೇವರು ಎಲ್ಲರಿಗೂ ಒಂದೇ ನಮೂನೆಯ ಕಣ್ಣು ಕೊಡುತ್ತಾನೆ ಎಂದು ನಾನು ಸಣ್ಣವಳಿದ್ದಾಗ ನಂಬಿದ್ದೆ. ನಮ್ಮ ಸಾಲೆಯಲ್ಲಿ ಎಲ್ಲರಿಗೂ ಒಂದೇ ನಮೂನೆ ಪಾಟಿ ಕೊಟ್ಟಿದ್ದರು, ಹಾಗೆ. ಒಂದು ದಿನ ಬಾಜು ಮನೆಗೆ ಮಜ್ಜಿಗೆ ತರಲು ಹೋದಾಗ ಅವರ ಗೋಡೆಯ ಮೇಲಿನ ಮುದುಕಿಯ ಫೋಟೋ ನೋಡಿದೆ, ಅವಳಿಗೂ ಅದೇ ಕಣ್ಣು. ತಂಬಿಗೆಯನ್ನು ಅಲ್ಲೇ ಬಿಟ್ಟು ಓಡಿ ಬಂದೆ. ಅತ್ತಿ ಗೋದಲೆಯಲ್ಲಿ ಎಮ್ಮೆಗೆ ಹಿಂಡಿ ಕಲಸುತ್ತಿದ್ದಳು.

"ಅತ್ತಿ, ಅವರು ನಮ್ಮ ಆಯಿ ಕಣ್ಣ ಕದ್ದಾರ" ಎಂದೆ.

ಅತ್ತಿ ಹಿಂಡಿಯ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು ನಕ್ಕಳು. ಮೂಗಿಗೆಲ್ಲ ಹಿಂಡಿ ಹತ್ತಿತು. "ಕದ್ದಿಲ್ಲ ಹುಚ್ಚಿ. ಆ ಸ್ಟುಡಿಯೋದಾಗಿನಾಂವಗ ಬರೂದ ಅದೊಂದ ಕಣ್ಣ. ಯಾರ ಸತ್ತರೂ ಅದನ್ನ ಬರೀತಾನ."

ನಂತರ ನಗು ನಿಲ್ಲಿಸಿ, "ನಾಳೆ ನನಗೂ ಅದನ್ನ ಬರೀತಾನ" ಎಂದಳು. ಆಗ ನನಗೆ ಅದರ ಅರ್ಥ ಆಗಲಿಲ್ಲ.

ಅತ್ತಿ ಎಂದರೆ ನನ್ನ ಅಪ್ಪನ ಅಕ್ಕ. ಅವಳದು ಬೆಕ್ಕಿನ ಕಣ್ಣು. ಎಳೆ ಹುಣಸೆಕಾಯಿಯ ಬಣ್ಣ, ಒಳಗೆ ಜೇನಿನ ಎಳೆ. ನಮ್ಮ ಸುತ್ತಿನ ಊರುಗಳಲ್ಲಿ ಅಂಥ ಕಣ್ಣು ಇನ್ನೊಂದಿರಲಿಲ್ಲ. ಈಗಾದರೆ ಅಂಥ ಬಣ್ಣದ ಲೆನ್ಸನ್ನು ದುಡ್ಡು ಕೊಟ್ಟು ಹಾಕಿಸಿಕೊಳ್ಳುತ್ತಾರೆ. ಆಗ ಅದು ಐಬು. ಹುಡುಗಿಯನ್ನು ನೋಡಲು ಗಂಡಿನವರು ಬಂದರೆ, ಅವರು ಹೋಗುವವರೆಗೆ ನೆಲ ನೋಡುತ್ತ ಕೂರಬೇಕೆಂದು ಮನೆಯವರು ತಾಕೀತು ಮಾಡುತ್ತಿದ್ದರಂತೆ. ಒಂದೆರಡು ಸಲ ಕೂತಳು. ಮೂರನೆಯವರು ಬಂದಾಗ, ಗಂಡಿನ ತಾಯಿ "ಮುಖಾ ಎತ್ತವಾ" ಎಂದದ್ದೇ ತಡ, ಎತ್ತಿ ನೆಟ್ಟಗೆ ನೋಡಿದಳಂತೆ. ಆ ಹೆಂಗಸು ಅವಲಕ್ಕಿಯ ತಾಟನ್ನು ಹಾಗೇ ಕೆಳಗಿಟ್ಟು, "ಬೆಕ್ಕಿನ ಕಣ್ಣಾಕಿ ಬಂದ್ರ ಮನ್ಯಾಗ ಹಾಲು ಉಳಿಯೂದಿಲ್ಲ" ಎಂದು ಎದ್ದು ಹೋದಳು. ಆಮೇಲೆ ಅತ್ತಿ ಯಾರ ಮುಂದೂ ಕೂರಲಿಲ್ಲ, ಮದುವೆಯೂ ಆಗಲಿಲ್ಲ. ತಮ್ಮನ ಮನೆಯಲ್ಲೇ ಉಳಿದು ಎಮ್ಮೆ ಕಟ್ಟಿದಳು. ದಿನಾ ಬೆಳಿಗ್ಗೆ ಖಾನಾಪುರಕ್ಕೆ ಅವಳ ಹಾಲು ಕ್ಯಾನಿನಲ್ಲಿ ಹೋಗುತ್ತಿತ್ತು. "ಬೆಕ್ಕು ಕಣ್ಣ ಮುಚ್ಚಿ ಹಾಲು ಕುಡೀತೈತಂತ. ನಾ ಕಣ್ಣ ತೆರದ ಕುಡದಾಕಿ" ಎನ್ನುವುದು ಅವಳ ಮಾತು. ನಮ್ಮ ಓದು, ನಮ್ಮ ಮದುವೆ ಎಲ್ಲದರಲ್ಲೂ ಆ ಹಾಲಿನ ಪಾಲಿದೆ.

ನನ್ನ ಮದುವೆಯಲ್ಲಿ ಅತ್ತಿ ಇಳಕಲ್ ಸೀರೆ ಉಟ್ಟು ಫೋಟೋಕ್ಕೆ ನಿಂತಳು. ಹುಟ್ಟಿದಾಗಿನಿಂದ ಅವಳು ನಿಂತದ್ದು ಅದೊಂದೇ ಫೋಟೋಕ್ಕೆ. ಆಲ್ಬಮ್ ಬಂದಾಗ ಮನೆಮಂದಿಯೆಲ್ಲ ಸುತ್ತ ಕೂತು ಹಾಳೆ ತಿರುವಿದೆವು. ಒಂದು ಫೋಟೋದ ಮೇಲೆ ಅತ್ತಿ ಬೆರಳಿಟ್ಟಳು.

"ಶೈಲೂ, ಇಕಿ ಯಾರ?"

"ನೀನ ಅಲ್ಲೇನ ಅತ್ತಿ."

ಅವಳೇ, ಆದರೆ ಕಣ್ಣು ಅವಳದಲ್ಲ. ಫ್ಲ್ಯಾಶ್ ಬೆಳಕಿಗೆ ಅತ್ತಿಯ ಕಣ್ಣು ಹೊಳೆದು ಏನೋ ಆಗಿತ್ತಂತೆ. ಸ್ಟುಡಿಯೋದವರು ಪಾಪ, ಉಪಕಾರ ಮಾಡಲೆಂದು, ಪ್ರಿಂಟಿನ ಮೇಲೆ ಕುಂಚ ಆಡಿಸಿ ಅವೇ ಕಪ್ಪು ಗುಂಡು ಕಣ್ಣು ಕೂರಿಸಿದ್ದರು. "ಈ ಅಕ್ಕಾರ ಕಣ್ಣ ಸರಿ ಮಾಡೇವ್ರಿ, ರೊಕ್ಕ ಬ್ಯಾಡ. ಛಲೋ ಬಂದೈತಿ ನೋಡ್ರಿ" ಎಂದು ಆಲ್ಬಮ್ ಕೊಡುವಾಗ ಹೇಳಿಯೂ ಇದ್ದರು. ಅತ್ತಿ ಆಲ್ಬಮ್ ಮುಚ್ಚಿದಳು. "ಜೀವ ಇರೂಮುಂದನ ಬರದ್ರು" ಎಂದಳು. ಅಷ್ಟೇ. ಅವಳು ಅತ್ತದ್ದನ್ನು ನಾನು ನೋಡಿದವಳಲ್ಲ, ಅವತ್ತೂ ಅಳಲಿಲ್ಲ.

ಇದಾಗಿ ಎಷ್ಟೋ ವರ್ಷದ ಮೇಲೆ ಅತ್ತಿಯ ಎರಡೂ ಕಣ್ಣಿಗೆ ಪೊರೆ ಬಂತು. ನಾನು ಆಗ ಬೆಳಗಾವಿಯಲ್ಲಿ ಸಂಸಾರ ಹೂಡಿ, ದಿನಾ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಖಾನಾಪುರದ ಸರಕಾರಿ ಕಚೇರಿಗೆ ಗುಮಾಸ್ತಿಕೆಗೆ ಹೋಗುತ್ತಿದ್ದೆ. ಅತ್ತಿಯನ್ನು ಬೆಳಗಾವಿಯ ಕಣ್ಣಿನ ದವಾಖಾನೆಗೆ ಕರೆದೊಯ್ದು ತೋರಿಸಿದೆ. ಡಾಕ್ಟರು ಒಳ್ಳೆಯವರು. "ಅಂಜಬ್ಯಾಡ್ರಿ ಆಯಿ, ಪರಿ ತಗದು ಒಳಗ ಹೊಸಾದು ಹಾಕ್ತೇವಿ" ಎಂದರು. ಅಲ್ಲಿಗೆ ಕೆಟ್ಟಿತು. ಅತ್ತಿ ಮನೆಗೆ ಬಂದವಳೇ ಕಾಲು ಚಾಚಿ ಕೂತು, "ನಾ ಒಲ್ಲೆ" ಎಂದಳು.

"ಯಾಕ ಅತ್ತಿ?"

"ಹೊಸಾದು ಹಾಕ್ತಾರಂತ. ಅವರ ಕಡೆ ಇರೂದೂ ಕರೇವ ಇರ್ತಾವ. ನನ್ನ ಕಣ್ಣ ಕಿತ್ತು ಮಂದಿ ಕಣ್ಣ ಹಾಕಿದ್ರ ನಾ ಏನ ಮಾಡ್ಲಿ?"

ಹಾಗಲ್ಲ ಅತ್ತಿ, ಕಣ್ಣು ಅದೇ ಇರುತ್ತದೆ, ಒಳಗಿನ ಗಾಜಷ್ಟೇ ಹೊಸದು ಎಂದು ನಾನು ಹೇಳಿದೆ. ಯಜಮಾನರು ಕಾಗದದ ಮೇಲೆ ಕಣ್ಣಿನ ಚಿತ್ರ ಬರೆದು ಹೇಳಿದರು. ಅತ್ತಿ ಚಿತ್ರವನ್ನು ಪಕ್ಕಕ್ಕಿಟ್ಟಳು. ಸ್ಟುಡಿಯೋದವರೂ ಒಳ್ಳೆಯದನ್ನೇ ಮಾಡುತ್ತೇವೆ ಎಂದು ಮಾಡಿದವರಲ್ಲವೇ? ಅವಳದು ಒಂದೇ ಶರತ್ತು: ಮೊದಲು ನನ್ನ ಕಣ್ಣು ಇದ್ದ ಹಾಗೆ ಒಂದು ಫೋಟೋ ಆಗಬೇಕು. ಆಮೇಲೆ ಆಪರೇಶನ್ ವಿಚಾರ. ಆ ಫೋಟೋವನ್ನು ಯಾರ ಕೈಗೂ, ಯಾವ ಸ್ಟುಡಿಯೋಕ್ಕೂ ಕೊಡಬಾರದು. ಅತ್ತ ಡಾಕ್ಟರು, ತಡ ಮಾಡಿದರೆ ಪೊರೆ ಬಲಿತು ಕಣ್ಣೇ ಹೋಗಬಹುದು ಎಂದಿದ್ದರು. ಇತ್ತ ಇವಳ ಹಟ. ಗೋಡೆ ಹಿಡಿದು ನಡೆಯುವ ಹಂತಕ್ಕೆ ಬಂದಿದ್ದ ಹೆಂಗಸು ಫೋಟೋ ಕೇಳುತ್ತ ಕೂತಿದ್ದಾಳೆ ಎಂದು ಮನೆಮಂದಿಗೆಲ್ಲ ಸಿಟ್ಟು. ನನಗೆ ಮಾತ್ರ ಅದು ಹಟ ಅನ್ನಿಸಲಿಲ್ಲ. ಅರವತ್ತು ದಾಟಿದವಳು ತನ್ನ ಮುಖ ತನ್ನದಾಗಿಯೇ ಇರಲಿ ಎಂದರೆ ಅದರಲ್ಲಿ ತಪ್ಪೇನು?

ಆ ದಿನಗಳಲ್ಲೇ ನಮ್ಮ ಕಚೇರಿಗೆ ಯಾರೋ ಒಂದು ಡಿಜಿಟಲ್ ಕ್ಯಾಮೆರಾ ತಂದು ನಮ್ಮದೆಲ್ಲ ಫೋಟೋ ತೆಗೆದು, ತೆಗೆದ ಕೂಡಲೇ ಹಿಂದಿನ ಪುಟ್ಟ ಪರದೆಯಲ್ಲಿ ತೋರಿಸಿದ್ದರು. ಅದನ್ನು ಅತ್ತಿಗೆ ಹೇಳಿದೆ.

"ತಗದ ಕೂಡಲೇ ಕಾಣಸ್ತೈತಿ?"

"ಕಾಣಸ್ತೈತಿ."

"ನಡಬರಕ ಯಾರೂ ಕೈ ಹಚ್ಚೂದಿಲ್ಲ?"

"ಇಲ್ಲ."

"ಹಂಗಾರ ಅದನ್ನ ತಾ. ಎಮ್ಮಿ ರೊಕ್ಕ ಐತಿ."

ಎಮ್ಮೆಯ ರೊಕ್ಕ ಬೇಡ, ನಾನೇ ಕೊಳ್ಳುತ್ತೇನೆ ಎಂದೆ. ಜಂಬದಿಂದ ಹೇಳಿದೆನೇ ಹೊರತು ನನ್ನ ಸಂಬಳಕ್ಕೆ ಎಟುಕುವ ಡಿಜಿಟಲ್ ಕ್ಯಾಮೆರಾ ಈ ಭೂಮಿಯ ಮೇಲೆ ಇದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಅಲ್ಲಿಂದ ಸುರುವಾಯಿತು ನೋಡಿ ಉಪದೇಶದ ಮಳೆ. ನಮ್ಮ ಯಜಮಾನರು ಪೇಪರಿನಲ್ಲಿ ಬಂದ ಜಾಹೀರಾತುಗಳನ್ನೆಲ್ಲ ಕತ್ತರಿಸಿ ಗೋಂದು ಹಚ್ಚಿ ಒಂದು ಹಾಳೆ ಮಾಡಿದರು. ಹೆಣ್ಣು ಕೊಡುವಾಗ ನಮ್ಮಪ್ಪ ಇವರ ಬಗ್ಗೆ ಇಷ್ಟು ವಿಚಾರಿಸಿರಲಿಲ್ಲ. ಊಟಕ್ಕೆ ಕೂತರೆ ಮೆಗಾಪಿಕ್ಸೆಲ್, ಎದ್ದರೆ ಝೂಮ್. "ಎರಡು ಮೆಗಾಪಿಕ್ಸೆಲ್ ಅಂದ್ರ ಆಟಿಕಿ ಸಾಮಾನ. ತೊಗೊಂಡ್ರ ನಾಲ್ಕರದ ತೊಗೋಬೇಕು" ಎಂದು ರೊಟ್ಟಿ ಮುರಿಯುತ್ತ ಹೇಳುತ್ತಿದ್ದರು. ನಾಲ್ಕರದು ಕೊಂಡರೆ ವರ್ಷವಿಡೀ ನಾವು ರೊಟ್ಟಿಗೆ ಬರೀ ಚಟ್ನಿಪುಡಿ ಹಚ್ಚಿಕೊಳ್ಳಬೇಕಿತ್ತು.

ರೈಲಿನಲ್ಲಿ ಇನ್ನೂ ಕಷ್ಟ. ನಮ್ಮದೊಂದು ಖಾಯಂ ಗುಂಪು: ಮಾಸ್ತರರು, ನರ್ಸಮ್ಮ, ಕೋರ್ಟಿನವರು, ನಾನು. ಬೆಳಗಾವಿ ಬಿಡುವಾಗ ಒಬ್ಬರು, ರೀಲಿನ ಕ್ಯಾಮೆರಾವೇ ಖರೇ ಕ್ಯಾಮೆರಾ, ಇದೆಲ್ಲ ನಾಲ್ಕು ದಿನದ ಆಟ ಎನ್ನುತ್ತಿದ್ದರು. ದೇಸೂರು ಬರುವಷ್ಟರಲ್ಲಿ ಝೂಮ್ ಇಲ್ಲದ್ದನ್ನು ಮುಟ್ಟಲೇಬಾರದೆಂದು ತೀರ್ಮಾನವಾಗುತ್ತಿತ್ತು. ಖಾನಾಪುರದಲ್ಲಿ ಇಳಿಯುವಾಗ, "ಎರಡ ವರ್ಷ ತಡೀರಿ ಅಕ್ಕಾರ, ರೇಟ್ ಬಿದ್ದ ಬೀಳ್ತಾವ" ಎಂದು ಯಾರೋ ಮುಕ್ತಾಯ ಹಾಡುತ್ತಿದ್ದರು. ಮಂದಿ ಹೆಚ್ಚಾದರೆ ಹಾವು ಸಾಯುವುದಿಲ್ಲ. ರೇಟು ಬೀಳುವತನಕ ನಾನು ತಡೆಯಬಹುದು ಸ್ವಾಮಿ, ಅತ್ತಿಯ ಕಣ್ಣಿನ ಪೊರೆ ತಡೆಯಬೇಕಲ್ಲ. ಇವರ್ಯಾರಿಗೂ ನಾನು ಕೇಳುತ್ತಿದ್ದ ಒಂದೇ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ: ಬೆಕ್ಕಿನ ಕಣ್ಣು ಬೆಕ್ಕಿನ ಕಣ್ಣಾಗಿಯೇ ಬರುತ್ತದೆಯೋ ಇಲ್ಲವೋ? ಯಾವ ಜಾಹೀರಾತಿನಲ್ಲೂ ಅದನ್ನು ಬರೆದಿರಲಿಲ್ಲ. ಆದ್ದರಿಂದ ಯಾರನ್ನೂ ಕೇಳುವುದು ಬೇಡ, ಅತ್ತಿಯನ್ನೇ ಅಂಗಡಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಜಾಹೀರು ಮಾಡಿದೆ. ಯಜಮಾನರು, "ಚಪ್ಪಲಿ ಅಳತಿ ನೋಡಿದಂಗ ಕ್ಯಾಮೆರಾ ಅಳತಿ ನೋಡ್ತಾರೇನ?" ಎಂದರು. ನೋಡುತ್ತಾರೆ. ನಾನು ನೋಡಿದೆ.

ಒಂದು ರವಿವಾರ ಅತ್ತಿಯನ್ನು ಪಾರಿಶ್ವಾಡದಿಂದ ಕರೆತಂದು ಯಜಮಾನರನ್ನೂ ಹೊರಡಿಸಿಕೊಂಡು ಬೆಳಗಾವಿಯ ಗಣಪತ ಗಲ್ಲಿಯ ಒಂದು ಕ್ಯಾಮೆರಾ ಅಂಗಡಿಗೆ ಹೋದೆವು. ಮಾಲೀಕರು ಮರಾಠಿ ಮಾತಿನವರು, ವಯಸ್ಸಾದವರು. ಅತ್ತಿಗೆ ಸ್ಟೂಲ್ ಕೊಟ್ಟು, "ಕುಂದರ್ರಿ ಆಜಿ" ಎಂದು ಫ್ಯಾನ್ ಅವಳ ಕಡೆ ತಿರುಗಿಸಿದರು. ನಾನು ವಿಷಯ ಹೇಳಿದೆ. ನಮಗೆ ದೂರದ್ದು ಹತ್ತಿರ ಕಾಣುವುದು ಬೇಡ, ಸಿನಿಮಾದ ಹಾಗೆ ಓಡುವ ಚಿತ್ರ ಬೇಡ. ಇವರ ಕಣ್ಣು ಇದ್ದ ಹಾಗೆ ಬರಬೇಕು, ಸ್ವಸ್ತಾದಲ್ಲಿ, ಕಡಿಮೆ ರೊಕ್ಕದಲ್ಲಿ ಆಗಬೇಕು. ಅವರು ಬಗ್ಗಿ ಅತ್ತಿಯ ಮುಖ ನೋಡಿ, "ಅರೆ, ಘಾರೇ ಡೋಳೇ. ನಮ್ಮ ಆಯಿದೂ ಹಿಂಗ ಬೆಕ್ಕಿನ ಕಣ್ಣ ಇದ್ದವು" ಎಂದರು. ಅತ್ತಿ ಸೆರಗು ಸರಿ ಮಾಡಿಕೊಂಡು ನೆಟ್ಟಗೆ ಕೂತಳು.

ಮೊದಲು ಯಜಮಾನರ ಆಸೆಯಂತೆ ಮೇಲಿನ ಗಾಜಿನ ಕಪಾಟಿನಲ್ಲಿದ್ದ ದೊಡ್ಡ ಬೆಲೆಯದು ಬಂತು. ಫ್ಲ್ಯಾಶ್ ಫಳ್ ಎಂದಿತು. ಪರದೆ ನೋಡಿದರೆ ಅತ್ತಿಯ ಎರಡೂ ಕಣ್ಣು ಕೆಂಡದ ಹಾಗೆ ಕೆಂಪು.

"ಹೆಂಗ ಬಂತು?" ಅತ್ತಿ ಕೇಳಿದಳು.

"ಕೆಂಪ ಬಂದಾವ ಅತ್ತಿ."

"ಕರೇದು ಆತು, ಈಗ ಕೆಂಪ. ನನಗ ದೆವ್ವ ಹಿಡದೈತೇನ? ಬ್ಯಾಡ ಅದು."

ಅದಕ್ಕೂ ಔಷಧ ಇದೆ ಎಂದರು ಮಾಲೀಕರು. ಇನ್ನೊಂದು ಕ್ಯಾಮೆರಾ ತೆಗೆದರು. ಅದರಲ್ಲಿ ಫ್ಲ್ಯಾಶ್ ಮೊದಲು ಸಣ್ಣಗೆ ಮಿಟುಕಿ, ಆಮೇಲೆ ದೊಡ್ಡದಾಗಿ ಹೊಡೆಯುತ್ತದೆ, ಆಗ ಕೆಂಪು ಬರುವುದಿಲ್ಲವಂತೆ. ಅದು ಮಿಟುಕಿದ್ದಕ್ಕೇ ಅತ್ತಿ ಫೋಟೋ ಮುಗಿಯಿತೆಂದು ಕಣ್ಣು ಮುಚ್ಚಿಬಿಟ್ಟಳು. ಮತ್ತೆ ತೆಗೆದರು, ಮತ್ತೆ ಮುಚ್ಚಿದಳು. "ಮುಚ್ಚಬ್ಯಾಡ್ರಿ ಅತ್ತಿ" ಎಂದು ಯಜಮಾನರು ಕೂಗಿದರೆ ಆ ಗಾಬರಿಗೆ ಇನ್ನೂ ಬೇಗ ಮುಚ್ಚಿದಳು.

"ಈಗ ಹೆಂಗ ಬಂತು?"

"ಕಣ್ಣ ಮುಚ್ಚಿದ್ದು ಬಂದೈತಿ."

"ಕಣ್ಣ ಮುಚ್ಚಿದ ಫೋಟೋಕ್ಕ ರೊಕ್ಕ ಯಾಕ ಕೊಡ್ತಿ? ಸ್ವಲ್ಪ ದಿನಾ ತಡದ್ರ ಅದು ತಾನ ಸಿಗ್ತೈತಿ" ಎಂದಳು ಅತ್ತಿ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಕೆಳಗಿನ ಖಾನೆಯಲ್ಲಿ ಮೂಲೆಗೆ ಬಿದ್ದಿದ್ದ ಒಂದು ಪುಟ್ಟ ಬೆಳ್ಳಿ ಡಬ್ಬಿ ತೋರಿಸಿ, ಅದು ಯಾವುದು ಎಂದು ಕೇಳಿದೆ.

ಮಾಲೀಕರು ಮುಖ ಹುಳ್ಳಗೆ ಮಾಡಿದರು. "ಅದು ಎಲ್ಲಾಕ್ಕಿಂತ ಸ್ವಸ್ತ ಐತ್ರಿ ವೈನಿ. ಝೂಮ್ ಇಲ್ಲ. ಎರಡ ಮೆಗಾಪಿಕ್ಸೆಲ್. ದೊಡ್ಡದು ಮಾಡಿದ್ರ ಚಿತ್ರಾ ಒಡೀತೈತಿ. ಸೆಲ್ ಅಂತೂ ಕಡ್ಲಿ ತಿಂದಂಗ ತಿಂತೈತಿ."

ತಿನ್ನಲಿ, ಕೊಡಿ ಎಂದೆ. ಅವರು ಸೆಲ್ ಹಾಕುತ್ತಿದ್ದ ಹಾಗೇ ಕರೆಂಟು ಹೋಯಿತು. ಅಂಗಡಿಯೆಲ್ಲ ಕತ್ತಲು, ಫ್ಯಾನ್ ನಿಂತು ಸೆಖೆ. ಯಜಮಾನರು, ಇದು ದೇವರೇ ಕೊಟ್ಟ ಸೂಚನೆ, ಮನೆಗೆ ನಡೆಯೋಣ ಎಂದರು. ನಾನು ಅತ್ತಿಯ ಕೈ ಹಿಡಿದು ಎಬ್ಬಿಸಿ ಹೊರಗೆ ತಂದು ಅಂಗಡಿಯ ಮೆಟ್ಟಿಲ ಮೇಲೆ ಕೂರಿಸಿದೆ. ಮಧ್ಯಾಹ್ನ ದಾಟಿದ ಬಿಸಿಲು ಎದುರು ಗೋಡೆಗೆ ಬಡಿದು ಇತ್ತ ಚೆಲ್ಲಿತ್ತು. ಗಣಪತ ಗಲ್ಲಿಯ ರವಿವಾರದ ಗದ್ದಲ ಗೊತ್ತಲ್ಲ, ಒಬ್ಬರು ನಿಂತರೆ ಹತ್ತು ಮಂದಿ ನಿಲ್ಲುತ್ತಾರೆ. ಬಾಳೆಹಣ್ಣಿನ ಗಾಡಿ ನಿಂತಿತು, ಚೀಲ ಹಿಡಿದ ಹೆಂಗಸರು ನಿಂತರು. ಯಜಮಾನರು ತಮಗೂ ನಮಗೂ ಸಂಬಂಧವಿಲ್ಲದವರ ಹಾಗೆ ಪಕ್ಕದ ಬಟ್ಟೆ ಅಂಗಡಿಯ ಸೀರೆಗಳನ್ನು ನೋಡತೊಡಗಿದರು. ನಲವತ್ತು ಸಲ ಕೇಳಿದರೂ ಸೀರೆ ಅಂಗಡಿಯ ಕಡೆ ಮುಖ ಹಾಕದ ಮನುಷ್ಯ.

ಮಾಲೀಕರು ಗುಂಡಿ ಒತ್ತಿದರು. ಹಳೇ ಸೆಲ್ಲು, ಫ್ಲ್ಯಾಶಿಗೆ ಬೇಕಾದಷ್ಟು ಜೀವ ಅದರಲ್ಲಿ ಇರಲಿಲ್ಲ. ಫಳ್ ಅನ್ನಲಿಲ್ಲ, ಮಿಟುಕಲಿಲ್ಲ. ಫೋಟೋ ತೆಗೆದದ್ದೇ ಅತ್ತಿಗೆ ಗೊತ್ತಾಗಲಿಲ್ಲ. ಅವಳು ನಮ್ಮನ್ನೆಲ್ಲ ದುರುಗುಟ್ಟಿ ನೋಡುತ್ತ, "ಕರೆಂಟ್ ಯಾವಾಗ ಬರ್ತೈತಂತ?" ಎಂದು ಕೇಳುತ್ತಿದ್ದಳು. ನಾನು ಪರದೆ ನೋಡಿದೆ. ಅಂಚೆ ಚೀಟಿಗಿಂತ ತುಸು ದೊಡ್ಡದಾದ ಆ ಪರದೆಯಲ್ಲಿ ಅತ್ತಿ ಇದ್ದಳು, ಅವಳ ಹಸಿರು ಕಣ್ಣುಗಳು ಇದ್ದವು, ಒಳಗಿನ ಜೇನಿನ ಎಳೆಯೂ ಇತ್ತು. ನಡುವೆ ಪೊರೆಯ ಬಿಳುಪು ಕೂಡ ಕಾಣುತ್ತಿತ್ತು.

"ಬಂತ ಅತ್ತಿ. ನಿನ್ನ ಕಣ್ಣ ಬಂದಾವ. ನೋಡ."

ಕ್ಯಾಮೆರಾವನ್ನು ಅವಳ ಕೈಗಿಟ್ಟೆ. ಅತ್ತಿ ಅದನ್ನು ಮೂಗಿನ ಹತ್ತಿರ ತಂದಳು, ದೂರ ಹಿಡಿದಳು, ಓರೆ ಮಾಡಿದಳು. ಆಮೇಲೆ ತೊಡೆಯ ಮೇಲಿಟ್ಟುಕೊಂಡಳು.

"ಬರೇ ಬೆಳ್ಳಗ ಕಾಣಸ್ತೈತಿ. ಏನೂ ತಿಳಿವಲ್ದು."

ನನ್ನ ಬುದ್ಧಿಗೆ ಏನು ಹೇಳಲಿ. ತಿಂಗಳುಗಟ್ಟಲೆ ಊರ ತುಂಬ ಜಗಳ ಆಡಿ ಕ್ಯಾಮೆರಾ ಹುಡುಕಿದ್ದೇನೆ, ಪೊರೆ ಬಂದ ಕಣ್ಣಿಗೆ ಅಂಚೆ ಚೀಟಿಯಷ್ಟು ಪರದೆ ಕಾಣುವುದಿಲ್ಲ ಎಂಬುದು ನನಗೂ ಹೊಳೆದಿಲ್ಲ, ಹಾಳೆಗೆ ಗೋಂದು ಹಚ್ಚಿದವರಿಗೂ ಹೊಳೆದಿಲ್ಲ. ನೆರೆದ ಮಂದಿ ತಾವೇ ಬಗ್ಗಿ ನೋಡಿ, "ಖರೇನ ಐತ್ರಿ ಆಯಿ, ನಿಮ್ಮ ಕಣ್ಣ ಇದ್ದಂಗ ಐತಿ" ಎಂದು ಸಾಕ್ಷಿ ಹೇಳಿದರು. ಅತ್ತಿ ತಲೆ ಅಲ್ಲಾಡಿಸಿದಳು.

"ಆ ಫೋಟೋದಾವ್ರೂ ಛಲೋ ಬಂದೈತಿ ಅಂದಿದ್ರು. ಮಂದಿ ಮಾತ ನನಗ ಬ್ಯಾಡ. ನಾ ನೋಡಬೇಕು."

"ನೀ ನೋಡಬೇಕಂದ್ರ ಆಪರೇಶನ್ ಮಾಡಿಸ್ಕೋಬೇಕು" ಎಂದೆ. ಉಪಾಯ ಮಾಡಿ ಹೇಳಿದ ಮಾತಲ್ಲ, ಸಿಟ್ಟಿನಲ್ಲಿ ಬಾಯಿಂದ ಬಿತ್ತು.

ಅತ್ತಿ ಕ್ಯಾಮೆರಾವನ್ನು ಅಂಗೈಯಲ್ಲಿ ಆಡಿಸಿದಳು. ಫೋಟೋ ಆಗದೆ ಆಪರೇಶನ್ ಇಲ್ಲ ಎಂದಿದ್ದವಳಿಗೆ ಈಗ ಆಪರೇಶನ್ ಆಗದೆ ಫೋಟೋ ಇಲ್ಲ. ಕೊನೆಗೆ ಸೊಂಟದ ಸಂಚಿ ಬಿಚ್ಚಿ, ಎಲೆ ಅಡಿಕೆ ಪಕ್ಕಕ್ಕೆ ಸರಿಸಿ, ಕ್ಯಾಮೆರಾವನ್ನು ಅದರೊಳಗೆ ತುರುಕಿದಳು.

"ಅಲ್ಲೀತನಾ ಇದು ನನ್ನ ಕಡೆ ಇರ್ಲಿ. ಯಾರ ಕೈಗೂ ಕೊಡೂದಿಲ್ಲ. ಸಾವಕಾರ, ಇದನ್ನ ತೊಗೊಂಡೇವಿ ನೋಡ್ರಿ."

ಮಾಲೀಕರು ಬಿಲ್ಲು ಬರೆಯಲು ಒಳಗೆ ಹೋದರು. ಡಬ್ಬಿ, ಕೈಪಿಡಿ, ವೈರು ನನ್ನ ಕೈಗೆ ಬಂದವು. ಕ್ಯಾಮೆರಾ ಮಾತ್ರ ಸಂಚಿಯಿಂದ ಹೊರಗೆ ಬರಲಿಲ್ಲ. ಆಸ್ಪತ್ರೆಯಲ್ಲೂ ಅದು ದಿಂಬಿನ ಕೆಳಗಿತ್ತು. ಆಪರೇಶನ್ನಿಗೆ ಒಳಗೆ ಹೋಗುವಾಗ ನನ್ನ ಕೈಗೆ ಕೊಟ್ಟು, "ಅವ್ರೇನರ ಬದಲೀ ಕಣ್ಣ ಹಾಕಿದ್ರ ಇದರಾಗ ಪುರಾವೆ ಐತಿ" ಎಂದಳು. ಡಾಕ್ಟರು ಮಾಸ್ಕಿನ ಹಿಂದೆ ನಕ್ಕದ್ದು ಅವರ ಕಣ್ಣಿನಲ್ಲೇ ಗೊತ್ತಾಯಿತು.

ಮರುದಿನ ಪಟ್ಟಿ ಬಿಚ್ಚಿದರು. ಅತ್ತಿ ನನ್ನನ್ನು ನೋಡಲಿಲ್ಲ, ಡಾಕ್ಟರನ್ನು ನೋಡಲಿಲ್ಲ, ಕೈ ಚಾಚಿದಳು. ಗುಂಡಿ ಒತ್ತಿದರೆ ಕ್ಯಾಮೆರಾ ಹೊತ್ತಲಿಲ್ಲ. ಸೆಲ್ ಖಾಲಿ. ಕಡಲೆ ತಿಂದಂಗೆ ತಿನ್ನುತ್ತದೆ ಎಂದು ಹೇಳಿದ್ದರಲ್ಲ. ಯಜಮಾನರು ಮೊದಲ ಬಾರಿಗೆ ಯಾವ ಉಪದೇಶವನ್ನೂ ಮಾಡದೆ ದವಾಖಾನೆಯ ಮೆಟ್ಟಿಲು ಇಳಿದು ಓಡಿದರು, ಏದುಸಿರು ಬಿಡುತ್ತ ಸೆಲ್ ತಂದರು. ಅಷ್ಟು ಹೊತ್ತೂ ಅತ್ತಿ ಕೈ ಮಡಚಲಿಲ್ಲ.

ಪರದೆ ಬೆಳಗಿತು. ಅತ್ತಿ ನೋಡಿದಳು. ಆಪರೇಶನ್ ಆದ ಒಂದೇ ಕಣ್ಣಿನಲ್ಲಿ ನೋಡಿದಳು.

"ಇಷ್ಟ ಮುದುಕಿ ಆಗೇನೇನ?" ಎಂದಳು ಮೊದಲು. ಆಮೇಲೆ, "ಕನ್ನಡಿ ಕೊಡ" ಎಂದಳು.

ನರ್ಸು ಕೊಟ್ಟ ಪುಟ್ಟ ಕನ್ನಡಿಯನ್ನು ಒಂದು ಕೈಯಲ್ಲಿ, ಕ್ಯಾಮೆರಾವನ್ನು ಒಂದು ಕೈಯಲ್ಲಿ ಹಿಡಿದು ಅದನ್ನೊಮ್ಮೆ ಇದನ್ನೊಮ್ಮೆ ನೋಡಿದಳು. ಬಳೆ ಅಂಗಡಿಯಲ್ಲಿ ಬಣ್ಣ ಹೊಂದಿಸಿ ನೋಡುತ್ತಾರಲ್ಲ, ಹಾಗೆ. ಅವಳು ಕನ್ನಡಿ ಕೆಳಗಿಟ್ಟು ಡಾಕ್ಟರ ಕಡೆ ತಿರುಗಿದಳು.

"ಬರೋಬ್ಬರಿ ಐತ್ರಿ. ನೀವು ಮೋಸಾ ಮಾಡಿಲ್ಲ. ಇನ್ನೊಂದೂ ಮಾಡ್ರಿ."

ಎರಡನೆಯ ಕಣ್ಣೂ ಆದ ಮೇಲೆ, ಪೊರೆ ಇಲ್ಲದ ಹೊಸ ಫೋಟೋ ತೆಗೆಯುತ್ತೇನೆ ಎಂದೆ. ಅತ್ತಿ ಒಪ್ಪಲಿಲ್ಲ. "ಪರಿನೂ ನಂದ. ಮಂದೀದೇನಲ್ಲ. ಇದ ಇರ್ಲಿ" ಎಂದಳು. ಸರಿ, ಅದನ್ನೇ ದೊಡ್ಡದು ಮಾಡಿಸಲು ಅದೇ ಅಂಗಡಿಗೆ ಹೋದೆ. ಪ್ರಿಂಟು ಹೊರಬರುವವರೆಗೆ ಯಂತ್ರದ ಪಕ್ಕದಲ್ಲೇ ನಿಂತು, "ಕಣ್ಣಿಗೆ ಯಾರೂ ಕೈ ಹಚ್ಚಬ್ಯಾಡ್ರಿ" ಎಂದು ಕಾವಲು ಕಾದೆ. ಮಾಲೀಕರು ಹೇಳಿದ್ದು ಸುಳ್ಳಾಗಲಿಲ್ಲ, ಚಿತ್ರ ಅಲ್ಲಲ್ಲಿ ಒಡೆಯಿತು. ಸೀರೆಯ ಅಂಚು ಮೆಟ್ಟಿಲು ಮೆಟ್ಟಿಲಾಗಿತ್ತು, ಗದ್ದ ಹಿಟ್ಟು ಚೆಲ್ಲಿದಂತಿತ್ತು. ಕಣ್ಣು ಮಾತ್ರ ಚೆನ್ನಾಗಿದ್ದವು. ಇನ್ನೇನು ಬೇಕು?

ಕಟ್ಟು ಹಾಕಿಸಿ ಪಾರಿಶ್ವಾಡಕ್ಕೆ ಒಯ್ದೆ. ಅತ್ತಿ ಅದನ್ನು ಪಡಸಾಲೆಯ ಹಿರಿಯರ ಸಾಲಿನಲ್ಲಿ, ಚಿಗವ್ವನ ಪಕ್ಕ ತೂಗುಹಾಕಲು ಹೇಳಿದಳು. ಮನೆಯ ಯಜಮಾನಿಕೆ ಆಗ ನನ್ನ ಅಣ್ಣನದು. ಅವನ ಮುಖ ಇಳಿಯಿತು.

"ಅತ್ತಿ, ಅದು ಹೋದಾವ್ರ ಸಾಲ. ಜೀವಂತ ಇದ್ದಾವ್ರದು ಅಲ್ಲಿ ಹಾಕಬಾರ್ದು. ಬ್ಯಾರೆ ಗ್ವಾಡಿಗೆ ಹಾಕೂಣು."

"ಯಾಕ ಹಾಕಬಾರ್ದು?"

"ಅಪಶಕುನ."

"ಹುಟ್ಟಿದಾಗಿಂದ ನನ್ನ ಕಣ್ಣ ಅಪಶಕುನ ಅಂದ್ರಿ. ನಿಮ್ಮನ್ನೆಲ್ಲಾ ಬೆಳಸೇನಿ, ಯಾರಿಗೇನಾತು? ಮೊಳಿ ತಾ."

ಅಣ್ಣ ಮೊಳೆ ತರಲಿಲ್ಲ. ನಾನು ತಂದೆ. ಅತ್ತಿ ತಾನೇ ಸ್ಟೂಲು ಹತ್ತಿ, ಹೊಸ ಕಣ್ಣಿನಿಂದ ಅಳತೆ ನೋಡಿ, ಒಂದು ಏಟೂ ತಪ್ಪದೆ ಬಡಿದಳು. ಆ ಸಾಲಿನಲ್ಲಿ ಒಂದೇ ನಮೂನೆಯ ಕಪ್ಪು ಕಣ್ಣುಗಳ ನಡುವೆ ಹಸಿರು ಕಣ್ಣಿನ ಒಬ್ಬಳು ದುರುಗುಟ್ಟಿ ನೋಡತೊಡಗಿದಳು. ಆಮೇಲೆ ಅವಳು ಅದರ ಕೆಳಗೇ ಹೊರಸು, ತನ್ನ ಹಗ್ಗದ ಮಂಚ, ಹಾಕಿಸಿಕೊಂಡಳು. ದಿನಾ ಮಧ್ಯಾಹ್ನ ಅಲ್ಲೇ ಕೂತು ಅಕ್ಕಿ ಆರಿಸುವುದು, ಹರಳು ಹೆಕ್ಕುವುದು. ಅಣ್ಣನಿಗೆ ತಿಂಗಳುಗಟ್ಟಲೆ ಮುಖ ಸಪ್ಪಗಿತ್ತು.

ಅಮಾವಾಸ್ಯೆಯ ದಿನ ಮನೆಗೆ ಬಂದ ನಂಟರು ಆ ಸಾಲಿಗೆ ಕೈ ಮುಗಿಯುವುದು ನಮ್ಮಲ್ಲಿ ವಾಡಿಕೆ. ನಾನು ಊರಲ್ಲಿದ್ದ ಒಂದು ಅಮಾವಾಸ್ಯೆಗೆ ದೂರದ ಬೀಗರೊಬ್ಬರು ಬಂದರು. ಕಾಲು ತೊಳೆದುಕೊಂಡು ಬಿಸಿಲಿನಿಂದ ಒಳಗೆ ಬಂದವರಿಗೆ ಹೊರಸಿನ ಮೇಲಿದ್ದ ಅತ್ತಿ ಕಾಣಲಿಲ್ಲವೋ ಏನೋ. ಅಜ್ಜನಿಂದ ಸುರು ಮಾಡಿ ಒಬ್ಬೊಬ್ಬರಿಗೂ ಕೈ ಮುಗಿಯುತ್ತ ಬಂದು, ಅತ್ತಿಯ ಫೋಟೋದ ಮುಂದೆ ನಿಂತು ಕಣ್ಣು ಮುಚ್ಚಿ, "ಪಾಪ, ಆಯಿ ಯಾವಾಗ ಹೋದ್ರು, ನಮಗ ಸುದ್ದೀನ ಇಲ್ಲ" ಎನ್ನುತ್ತ ಕೈ ಜೋಡಿಸಿದರು.

"ಶರಣ್ರಿ ಬೀಗರ. ಬರ್ರಿ, ಕುಂದರ್ರಿ" ಎಂದಳು ಅತ್ತಿ ಕೆಳಗಿನಿಂದ.

ಬೀಗರು ಎರಡು ಹೆಜ್ಜೆ ಹಿಂದೆ ಸರಿದು ಕಂಬಕ್ಕೆ ಆತುಕೊಂಡರು. ಸುಧಾರಿಸಿಕೊಳ್ಳಲು ನೀರು ಕೊಡಬೇಕಾಯಿತು. "ಇದೇನ್ರಿ ಆಯಿ, ಜೀವಂತ ಇದ್ದಾವ್ರಿಗೆ ಕೈ ಮುಗಿಸಿದ್ರಲ್ಲ ನಮ್ಮ ಕಡಿಂದ" ಎಂದರು ನೀರು ಕುಡಿದು. ಅಣ್ಣ, ನೋಡಿದಿರಾ ನಾನು ಹೇಳಿದ್ದೆ ಎಂಬಂತೆ ನಮ್ಮ ಕಡೆ ನೋಡಿದ.

ಅತ್ತಿ ಮೊರ ಕೆಳಗಿಟ್ಟು, ಆ ಕಣ್ಣನ್ನು ಎತ್ತಿ ಬೀಗರನ್ನು ನೆಟ್ಟಗೆ ನೋಡಿದಳು.

"ಮುಗೀರಿ, ಮುಗೀರಿ. ಸತ್ತ ಮ್ಯಾಲ ಮುಗದ್ರ ನನಗೇನ ಕಾಣಸ್ತೈತೇನ?"